ಅವ್ವ ಮನ್ಯಾಗ ಅದಾಳ

ನಮ್ಮ ಅವ್ವ ಹೇಳುತ್ತಿದ್ದ ಕತೆಗಳಲ್ಲಿ ಮಕ್ಕಳ ಗತಿ ಏನೂ ಚೆನ್ನಾಗಿರುತ್ತಿರಲಿಲ್ಲ. ಒಬ್ಬ ಮಲತಾಯಿ ಗಂಡನ ಮೊದಲ ಹೆಂಡತಿಯ ಮಗಳನ್ನು ನೆಲದಡಿ ಜೋಳ ತುಂಬುವ ಹಗೇವಿನೊಳಗೆ ಇಳಿಸಿ, ಮೇಲಿಂದ ಜೋಳ ಸುರಿದು, ಅದರ ಬಾಯಿಗೆ ಕಲ್ಲು ಮುಚ್ಚಿ, ಆ ಕಲ್ಲಿನ ಮೇಲೆಯೇ ಕೂತು ತಲೆ ಬಾಚಿಕೊಳ್ಳುತ್ತಿದ್ದಳು. ಇನ್ನೊಬ್ಬ ತಂದೆ, ಹೆಣ್ಣುಮಕ್ಕಳು ಹೆಚ್ಚಾದರೆಂದು, ಬಾರೆಹಣ್ಣಿನ ಗಿಡ ತೋರಿಸುತ್ತೇನೆ ಬನ್ನಿ ಎಂದು ಎಲ್ಲರನ್ನೂ ಅಡವಿಗೆ ಕರೆದೊಯ್ದು, ತಾನೊಬ್ಬನೇ ಮನೆಗೆ ಬಂದು ಹೊಟ್ಟೆ ತುಂಬ ಉಣ್ಣುತ್ತಿದ್ದ. ನಾವು ಹುರಿಗಡಲೆ ತಿನ್ನುತ್ತ ಕೇಳುತ್ತಿದ್ದೆವು. ಯಾರೂ ಬೆಚ್ಚುತ್ತಿರಲಿಲ್ಲ. ಹಗೇವಿನೊಳಗೆ ಹುಡುಗಿಗೆ ಉಸಿರು ಕಟ್ಟುವ ಹೊತ್ತಿಗೆ ನನ್ನ ತಮ್ಮ, "ಆಮ್ಯಾಲ ಆ ಜ್ವಾಳ ಏನ್ ಮಾಡಿದ್ರು?" ಎಂದು ಕೇಳುತ್ತಿದ್ದ. ಅಷ್ಟೇ.

ಇಂಥ ಗಟ್ಟಿ ಎದೆಯ ನಮ್ಮ ಮನೆ ಮೊದಲ ಸಲ ಒಂದು ಕತೆ ಕೇಳಿ ದಂಗುಬಡಿದು ಕೂತದ್ದು, ಅದರಲ್ಲೊಬ್ಬ ತಂದೆ ತನ್ನ ಮಗನಿಗೆ ಮುತ್ತು ಕೊಟ್ಟ ಎಂಬ ಕಾರಣಕ್ಕೆ.

ಅದಕ್ಕೂ ಮೊದಲು ಒಂದು ಮಾತು ಹೇಳಿಬಿಡಬೇಕು. ಇಲ್ಲದಿದ್ದರೆ ಹುಮನಾಬಾದಿನ ಬಜಾರದಲ್ಲಿ ಆದ ಗೊಂದಲ ಇಲ್ಲಿಯೂ ಆದೀತು. ಮೇಲೆ ನಾನು ಅವ್ವ ಎಂದದ್ದು ನನ್ನನ್ನು ಹಡೆದವಳನ್ನಲ್ಲ, ಅಜ್ಜಿಯನ್ನು. ನಮ್ಮದು ತುಂಬಿದ ಮನೆ. ನನ್ನ ತಂದೆ ತಮ್ಮ ತಾಯಿಯನ್ನು ಅವ್ವ ಎಂದು, ತಮ್ಮ ತಂದೆಯನ್ನು ಅಪ್ಪ ಎಂದು ಕರೆಯುತ್ತಿದ್ದರು. ಅದನ್ನೇ ಕೇಳುತ್ತ ಬೆಳೆದ ನಾವೂ ಅಜ್ಜಿಗೆ ಅವ್ವ, ಅಜ್ಜನಿಗೆ ಅಪ್ಪ ಎಂದೆವು. ತಂದೆಯ ತಮ್ಮ, ನಮ್ಮ ಕಾಕಾ, ನನ್ನ ತಂದೆಯನ್ನು ಅಣ್ಣ ಎನ್ನುತ್ತಿದ್ದ, ಅತ್ತಿಗೆಯಾದ ನನ್ನ ತಾಯಿಯನ್ನು ವೈನಿ ಎನ್ನುತ್ತಿದ್ದ. ನಾವೂ ಹಡೆದ ತಂದೆಗೆ ಅಣ್ಣ, ಹಡೆದ ತಾಯಿಗೆ ವೈನಿ ಎಂದೆವು. ಇದರಲ್ಲಿ ವಿಚಿತ್ರವೇನೂ ಯಾರಿಗೂ ಕಾಣುತ್ತಿರಲಿಲ್ಲ. ಹಿತ್ತಲಿಗೆ ಹಿತ್ತಲು ಅನ್ನುತ್ತೇವೆ, ವೈನಿಗೆ ವೈನಿ ಅನ್ನುತ್ತೇವೆ. ಓದುವವರ ಅನುಕೂಲಕ್ಕೆ ಇನ್ನು ಮುಂದೆ ಅಜ್ಜ, ಅಜ್ಜಿ, ತಂದೆ ಎಂದೇ ಬರೆಯುತ್ತೇನೆ. ತಾಯಿಯನ್ನು ಮಾತ್ರ ವೈನಿ ಎಂದೇ ಬರೆಯಬೇಕು. ಬೇರೆ ಹೇಗೆ ಬರೆದರೂ ಅದು ಅವಳಲ್ಲ.

ಇನ್ನೊಂದು ರಿವಾಜು ಇತ್ತು. ಹಿರಿಯರ ಎದುರಿಗೆ ಗಂಡಸು ತನ್ನ ಮಗುವನ್ನು ಎತ್ತಿಕೊಳ್ಳಬಾರದು, ಮುದ್ದು ಮಾಡಬಾರದು, ಹೆಸರು ಹಿಡಿದು ಕೂಡ ಕರೆಯಬಾರದು. ಅದು ನಾಚಿಕೆಗೇಡು. ಅಣ್ಣತಮ್ಮಂದಿರ ಮಕ್ಕಳನ್ನು ಬೇಕಾದಷ್ಟು ಆಡಿಸಬಹುದು. ಹೀಗಾಗಿ ನನ್ನನ್ನು ಹೆಗಲ ಮೇಲೆ ಹೊತ್ತು ಕಲ್ಯಾಣದ ಕೋಟೆಯನ್ನೆಲ್ಲ ತೋರಿಸಿದವನು ಕಾಕಾ. ತಂದೆ ನನ್ನನ್ನು ನೋಡುತ್ತಿದ್ದದ್ದು, ಬಾಗಿಲಲ್ಲಿ ಅಜ್ಜನ ಚಪ್ಪಲಿ ಇಲ್ಲದಿದ್ದಾಗ ಮಾತ್ರ. ಆಗಲೂ ಮಾತಿಲ್ಲ. ನನ್ನ ಮುಷ್ಟಿಯೊಳಗೆ ಬೆಲ್ಲದ ಹರಳೊಂದನ್ನು ತುರುಕಿ, ಕಳ್ಳತನ ಮಾಡಿದವರಂತೆ ಸರಸರ ಹೊರಗೆ ಹೋಗಿಬಿಡುತ್ತಿದ್ದರು. ವೈನಿಯ ಪಾಡೂ ಅಷ್ಟೇ. ಮೊಲೆ ಬಿಡಿಸಿದ ಮೇಲೆ ಮಕ್ಕಳು ಅಜ್ಜಿಯ ಮಗ್ಗುಲಿಗೆ, ಅವಳು ಒಲೆಯ ಮಗ್ಗುಲಿಗೆ.

ಆಗ ನಮ್ಮೂರಿಗೆ ಬರೀ ಕಲ್ಯಾಣ ಎಂಬ ಹೆಸರು. ನಿಜಾಮನ ರಾಜ್ಯ. ಕಚೇರಿಯ ಕಾಗದ ಉರ್ದು, ಗಂಡುಹುಡುಗರ ಮದರಸೆಯ ಪಾಠ ಉರ್ದು, ನಮ್ಮ ಕಿರಾಣಿ ಅಂಗಡಿಯ ಲೆಕ್ಕ ಮರಾಠಿ. ಕನ್ನಡ ಇದ್ದದ್ದು ಬಾಯಲ್ಲಿ. ಅಕ್ಷರವಾಗಿ ಅದು ಇದ್ದದ್ದು ಅಜ್ಜನ ಹತ್ತಿರ ಮಾತ್ರ. ಅವರಿಗೆ ಕಣ್ಣು ಮಂಜಾಗುತ್ತ ಬಂದಾಗ ಶ್ರಾವಣದಲ್ಲಿ ಪುರಾಣ ಓದಲು ಮನೆಯಲ್ಲೊಂದು ನಾಲಗೆ ಬೇಕಾಯಿತು. ತಂದೆಗೆ ಅಂಗಡಿಯಿಂದ ಬಿಡುವಿರಲಿಲ್ಲ, ಕಾಕಾನಿಗೆ ಸೈರಣೆ ಇರಲಿಲ್ಲ, ತಮ್ಮ ಕೂಸು. ಉಳಿದವಳು ನಾನು. ತಾಟಿನಲ್ಲಿ ಬೂದಿ ಹರಡಿ, ನನ್ನ ಬೆರಳು ಹಿಡಿದು ಅಜ್ಜ ಅ ಆ ತಿದ್ದಿಸಿದರು. ಮಾತು ಅಜ್ಜಿಯಿಂದ, ಅಕ್ಷರ ಅಜ್ಜನಿಂದ ಬಂದವು. ಹೀಗೆ ಒಂಬತ್ತೋ ಹತ್ತೋ ವಯಸ್ಸಿಗೆ ನಮ್ಮ ಓಣಿಯಲ್ಲಿ ಕನ್ನಡ ಓದಲು ಬರುವ ಒಬ್ಬಳೇ ಹೆಣ್ಣುಮಗಳಾದೆ.

ಕಾಕಾ ಅಂಗಡಿಗೆ ಮಾಲು ತರಲು ಸೋಲಾಪುರಕ್ಕೆ ಹೋಗುತ್ತಿದ್ದ. ಒಂದು ಸಲ ಬರುವಾಗ ಧಾರವಾಡ ಕಡೆಯ ಯಾವುದೋ ಮಾಸಪತ್ರಿಕೆಯ ಹಳೆಯ ಸಂಚಿಕೆಗಳನ್ನು ತಂದ. "ಇದರಾಗ ಸಣ್ಣ ಸಣ್ಣ ಕತಿ ಅದಾವ. ಪುರಾಣ ಅಲ್ಲ, ನಮ್ಮ ನಿಮ್ಮಂಥವ್ರ ಕತಿ," ಎಂದ. ನಮ್ಮಂಥವರ ಬಗ್ಗೆ ಬರೆಯುವಂಥದ್ದು ಏನಿರುತ್ತದೆ ಎಂದು ಅಜ್ಜಿಗೆ ಸಂಶಯ. ಆದರೂ ಮಧ್ಯಾಹ್ನದ ಹೊತ್ತು, ಊಟ ಮುಗಿದು ಪಡಸಾಲೆಯಲ್ಲಿ ಜೋಳ ಹಸನು ಮಾಡಲು ಕೂತಾಗ, "ಓದು ನೋಡೂಣು," ಎಂದಳು. ವೈನಿ ಕಂಬದ ಆಚೆ ಮೊರ ಹಿಡಿದು ಕೂತಿದ್ದಳು. ಹಿಂದಿನ ಮನೆಯ ಗೌಡ್ತಿ ಹೊಸ್ತಿಲ ಮೇಲೆ. ಹೊರಗೆ ಕಟ್ಟೆಯ ಮೇಲೆ ಅಜ್ಜ ಮುಖಕ್ಕೆ ಶಲ್ಯ ಹಾಕಿಕೊಂಡು ಮಲಗಿದ್ದರು.

ಕತೆ ದೊಡ್ಡದಲ್ಲ. ಪಟ್ಟಣದಲ್ಲಿ ಕಾರಕೂನನ ಕೆಲಸದ ಒಬ್ಬ ಮನುಷ್ಯ. ಮಗನಿಗೆ ಜೀವ ಹೋಗುವಂಥ ಜ್ವರ ಬಂದು ಇಳಿದಿದೆ. ಸಂಜೆ ಆತ ಕಚೇರಿಯಿಂದ ಬರುತ್ತಾನೆ. ಮಗ ಎದ್ದು ಓಡಿ ಬರುತ್ತಾನೆ. ಆತ ಮಗನನ್ನು ಎತ್ತಿಕೊಂಡು ಎರಡೂ ಕೆನ್ನೆಗೆ ಮುತ್ತಿಡುತ್ತಾನೆ. ಅಲ್ಲೇ ಮುಂದೆ ಕುರ್ಚಿಯ ಮೇಲೆ ಆತನ ತಂದೆ ಕೂತಿದ್ದಾರೆ.

"ಏಯ್, ನಿಂದ್ರು," ಎಂದಳು ಅಜ್ಜಿ. "ಏನಂದಿ?"

"ಮುತ್ತು ಕೊಟ್ಟ."

"ಯಾರಿಗೆ?"

"ಮಗಗ."

"ಯಾರ ಮುಂದ?"

"ಅವರ ಅಪ್ಪನ ಮುಂದ."

ಅಜ್ಜಿಯ ಕೈಯಲ್ಲಿದ್ದ ಮೊರ ಮಗ್ಗುಲಾಗಿ ಜೋಳವೆಲ್ಲ ನೆಲಕ್ಕೆ ಹರಿಯಿತು. ಹಗೇವಿನ ಹುಡುಗಿಗಾಗಿ ಒಂದು ದಿನವೂ ನಿಲ್ಲದ ಕೈ ಅದು. ಗೌಡ್ತಿ ಸೆರಗು ಬಾಯಿಗೆ ಒತ್ತಿಕೊಂಡು, "ಯವ್ವಾ! ಆ ಊರಾಗ ಹಿರ್ಯಾರು ಕುರುಡ್ರೇನು?" ಎಂದಳು.

"ಕುರುಡ್ರಿಲ್ಲ, ಕುರ್ಚಿ ಮ್ಯಾಲ ಕುಂತು ನೋಡಾಕತ್ತಾರ," ಎಂದೆ ನಾನು.

"ನೋಡಾಕತ್ತಾರ!" ಅಜ್ಜಿಯ ದನಿ ಏರಿತು. "ನೋಡಿ ಸುಮ್ಮ ಕುಂತಾರ? ಬಡಿಗಿ ತಗೊಂಡು ನಾಕು ಬಿಗೀಲಿಲ್ಲ? ತಿರುಗಿ ಓದು. ನೀ ತಪ್ಪು ಓದಾಕತ್ತೀ."

ತಿರುಗಿ ಓದಿದೆ. ಅಷ್ಟೇ ಇತ್ತು. ಅಕ್ಷರ ಅಕ್ಷರ ಬಿಡಿಸಿ ಹೇಳಿದೆ. ಆಗ ಕಟ್ಟೆಯ ಮೇಲಿಂದ, ಶಲ್ಯದ ಒಳಗಿಂದ, ನಿದ್ದೆಯಲ್ಲಿದ್ದಾರೆ ಎಂದುಕೊಂಡಿದ್ದ ಅಜ್ಜನ ದನಿ ಬಂತು.

"ಅಚ್ಚಿನ್ಯಾಗ ತಪ್ಪಾಗ್ಯಾದ. 'ಅಪ್ಪನ ಹಿಂದೆ' ಅಂತ ಇರಬೇಕು. ಅಚ್ಚು ಕೂಡಿಸಾಂವ 'ಮುಂದೆ' ಮಾಡ್ಯಾನ."

ಎಲ್ಲರಿಗೂ ಉಸಿರು ಬಂದಂತಾಯಿತು. "ಹಾಂಗಂದ್ರ ಸೈ," ಎಂದಳು ಅಜ್ಜಿ. "ತಿದ್ದಿ ಓದು." ನಾನು ತಿದ್ದಿ ಓದಿದೆ. ಕುರ್ಚಿಯ ಮೇಲಿದ್ದ ಮುದುಕ ಈಗ ಏನನ್ನೂ ನೋಡಲಿಲ್ಲ. ಮರ್ಯಾದೆ ಉಳಿಯಿತು. ಹುಡುಗನಿಗೆ ಜ್ವರ ಬಂದಿತ್ತು, ಸಾಯುವಂತಿದ್ದು ಬದುಕಿದ್ದ ಎಂಬುದು ಯಾರ ಲಕ್ಷ್ಯಕ್ಕೂ ಬರಲಿಲ್ಲ.

ನನಗೆ ಮಾತ್ರ ಗಾಬರಿ ಹೋಗಲಿಲ್ಲ. ಹಿಂದೆಯೋ ಮುಂದೆಯೋ, ತಂದೆಯಾದವನು ಮಗುವಿಗೆ ಮುತ್ತು ಕೊಡುತ್ತಾನೆ ಎಂಬುದೇ ನನಗೆ ಹೊಸ ಸುದ್ದಿ. ಅಂದು ಸಂಜೆ ತಂದೆ ಅಂಗಡಿಯಿಂದ ಬಂದು ಕಾಲು ತೊಳೆಯುವಾಗ ನಾನು ಅವರ ಮೀಸೆಯನ್ನೇ ನೋಡುತ್ತ ನಿಂತೆ. ಅವರು ತಲೆ ಎತ್ತಿ, ನನ್ನ ನೋಟ ಕಂಡು, ಮೀಸೆಗೆ ಏನೋ ಹತ್ತಿದೆ ಎಂದು ಒರೆಸಿಕೊಂಡರು.

ಎರಡನೆಯ ಕತೆ ಓದಿದ್ದು ಅದಾಗಿ ಕೆಲವು ದಿನಗಳಿಗೆ. ಒಬ್ಬ ಹೆಣ್ಣುಮಗಳು ಮಕ್ಕಳಿಲ್ಲದ ತನ್ನ ಅಕ್ಕನ ಮಡಿಲಿಗೆ ಸಣ್ಣ ಮಗನನ್ನು ಹಾಕಿದ್ದಾಳೆ. ಹುಡುಗ ಅಕ್ಕನನ್ನೇ ಅವ್ವ ಎಂದು ನಂಬಿ ಬೆಳೆದು, ಹಡೆದವಳನ್ನು ಚಿಗವ್ವ ಎನ್ನುತ್ತಾನೆ. ದೊಡ್ಡವನಾದ ಮೇಲೆ ಯಾರಿಂದಲೋ ಸುದ್ದಿ ತಿಳಿಯುತ್ತದೆ. ಹುಡುಕಿಕೊಂಡು ಬರುತ್ತಾನೆ. ಅವಳು ಬಾವಿಯ ಹತ್ತಿರ ನೀರು ಸೇದುತ್ತಿದ್ದಾಳೆ. ಹಿಂದಿನಿಂದ "ಅವ್ವಾ" ಎನ್ನುತ್ತಾನೆ. ಅವಳ ಕೈಯಿಂದ ಕೊಡ ಜಾರುತ್ತದೆ. ಕತೆ ಮುಗಿಯಿತು.

ಓದಿ ಮುಗಿಸಿ ಪುಟ ಮಡಚುತ್ತಿದ್ದೆ. ಕಂಬದ ಆಚೆಯಿಂದ ಒಂದು ದನಿ: "ಇನ್ನೊಮ್ಮಿ ಓದು."

ಅಜ್ಜಿ ತಿರುಗಿ ನೋಡಿದಳು. ನಾನೂ ನೋಡಿದೆ. ವೈನಿ ಹಿರಿಯರ ನಡುವೆ ತಾನಾಗಿ ಬಾಯಿ ತೆರೆದದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ.

"ಯಾವುದು, ಕೊಡ ಬಿದ್ದದ್ದೇನು?" ಎಂದಳು ಅಜ್ಜಿ.

"ಅಲ್ರಿ ಅತ್ತಿ. ಅದರ ಮೊದಲಿಂದು."

ಓದಿದೆ. "ಹಿಂದಿನಿಂದ ಅವ್ವಾ ಎಂದ." ಅಜ್ಜಿಗೆ ಕೊಡದ್ದೇ ಚಿಂತೆ. "ತಾಮ್ರದ್ದೋ ಮಣ್ಣಿಂದೋ ಬರದಿಲ್ಲ ನೋಡು. ಒಡದ್ರ ಆಕಿ ಅತ್ತಿ ಬಿಡ್ತಾಳೇನು?" ಎಂದಳು. ಗೌಡ್ತಿ ನಕ್ಕಳು, ನಾನೂ ನಕ್ಕೆ. ವೈನಿ ಮೊರವನ್ನು ಮುಖಕ್ಕೆ ಅಡ್ಡ ಹಿಡಿದು ಹೊಟ್ಟು ಊದುತ್ತಿದ್ದಳು. ಆ ಮೊರದಲ್ಲಿ ಹೊಟ್ಟು ಇರಲಿಲ್ಲ. ಜೋಳ ಆಗಲೇ ಹಸನಾಗಿತ್ತು.

ಮಾರನೆಯ ದಿನ ಹಿತ್ತಲಲ್ಲಿ ನನ್ನ ತಲೆಗೆ ಎಣ್ಣೆ ಹಚ್ಚುತ್ತ ಕೇಳಿದಳು:

"ಆ ಕತಿಯಾಗಿನಾಕಿ ಆಮ್ಯಾಲ ಏನ್ ಮಾಡಿದ್ಳು?"

"ಅಷ್ಟ. ಮುಗೀತು."

"ಅಂವ ಮತ್ತೊಮ್ಮಿ ಕರದಿರಬೇಕಲ್ಲ?"

"ಬರದಿಲ್ಲ."

"ಬರೀಬೇಕಿತ್ತು," ಎಂದಳು. ಸ್ವಲ್ಪ ಹೊತ್ತು ಬಾಚಣಿಗೆ ಆಡಿತು. ಆಮೇಲೆ ನನ್ನ ಕಿವಿಯ ಹತ್ತಿರ ಬಾಗಿ, "ಒಮ್ಮಿ ನೀ ನನಗ ಹಾಂಗ ಅನ್ನು ನೋಡೂಣು. ಒಮ್ಮಿ ಅಷ್ಟ. ಹಗೂರಕ," ಎಂದಳು.

ಏನನ್ನೋ ಕದಿಯಲು ಹೇಳಿದಂತಾಯಿತು. ಆ ಮಾತಿಗೆ ನಮ್ಮ ಮನೆಯಲ್ಲಿ ಒಬ್ಬಳು ಒಡತಿ ಇದ್ದಳು. ಅವಳು ಒಳಗೆ ಮಜ್ಜಿಗೆ ಕಡೆಯುತ್ತಿದ್ದಳು. ಆದರೂ, ವೈನಿಯ ಬೆರಳು ನನ್ನ ಕೂದಲೊಳಗೆ ಹಾಗೆಯೇ ನಿಂತದ್ದು ತಿಳಿದು, ಆದಷ್ಟು ಮೆಲ್ಲಗೆ, "ಅವ್ವಾ," ಎಂದೆ.

"ಓ! ಯಾಕಬೇ?" ಎಂದು ಒಳಗಿನಿಂದ ಅಜ್ಜಿ ಕೂಗಿದಳು.

ವೈನಿಯ ಬೆರಳು ಮತ್ತೆ ಆಡತೊಡಗಿದವು. "ಏನಿಲ್ರಿ ಅತ್ತಿ, ಸಿಕ್ಕು ಬಿಡಸಾಕತ್ತೀನಿ," ಎಂದಳು. ಮತ್ತೆ ಆ ಮಾತು ಎತ್ತಲಿಲ್ಲ.

ಆ ವರ್ಷವೇ ಕಾಕಾನ ಮದುವೆ ಗೊತ್ತಾಯಿತು. ಮದುವೆಯ ಜವಳಿ ಕೊಳ್ಳುವುದಕ್ಕೆ ನಮ್ಮ ಕಡೆ ಬಸ್ತ ಎನ್ನುತ್ತಾರೆ. ಬಸ್ತಕ್ಕೆ ಹುಮನಾಬಾದಿಗೆ ಹೋಗುವುದೆಂದಾಯಿತು. ಅದು ವೈನಿಯ ತವರೂರು, ಅಂಗಡಿಯವರೂ ಗುರುತಿನವರು. ಅಜ್ಜಿಗೆ ಮೊಣಕಾಲು ನೋವು, ಬಂಡಿಯ ಕುಲುಕಾಟ ಆಗದು, ಅವಳು ಮನೆಯಲ್ಲೇ ಉಳಿದಳು. ಅಜ್ಜ, ತಂದೆ, ವೈನಿ, ನಾನು, ನಾಲ್ಕು ವರ್ಷದ ತಮ್ಮ ಹೋದೆವು.

ಜವಳಿ ಅಂಗಡಿಯಲ್ಲಿ ಅಜ್ಜ ಗಾದಿಯ ಮೇಲೆ, ತಂದೆ ಅವರ ಹಿಂದೆ, ವೈನಿ ಗೋಡೆಯ ಕಡೆಗೆ ಸೆರಗು ಹೊದ್ದು ಕೂತರು. ಮಾವನ ಜೊತೆ ಸೊಸೆ ಮಾತಾಡುವಂತಿಲ್ಲ. ಅವಳು ನನ್ನ ಕಿವಿಯಲ್ಲಿ ಹೇಳುವುದು, ನಾನು ಅಜ್ಜನಿಗೆ ಹೇಳುವುದು, ಅಜ್ಜನ ಮಾತನ್ನು ತಿರುಗಿ ಅವಳಿಗೆ ಮುಟ್ಟಿಸುವುದು. "ಹಸರ ಸೀರಿ ಚಲೋ ಅದ ಅಂತಾಳ." "ಅಂಚು ಸಣ್ಣದಾತು ಅನ್ನು." "ಅಂಚು ಸಣ್ಣದಾತಂತ." "ಹಂಗಾದ್ರ ಆ ಕೆಂಪಂದು ತೋರಸು ಅನ್ನು." ಅಂಗಡಿಯವನಿಗೆ ಬೆವರು. ನಾವು ನಾಲ್ವರೂ ಸೀರೆಯ ಮಡಿಕೆಗಳಲ್ಲಿ ಮುಳುಗಿದ್ದಾಗ ತಮ್ಮ ಯಾವಾಗ ಮೆಟ್ಟಿಲಿಳಿದು ಹೋದನೋ ಯಾರೂ ಕಾಣಲಿಲ್ಲ.

ಮೊದಲು ಗೊತ್ತಾದದ್ದು ವೈನಿಗೆ. ಸೀರೆ ಕೆಡವಿ ಎದ್ದು ಹೊರಗೆ ಓಡಿದಳು. ನಾನು ಅವಳ ಹಿಂದೆ. ಆ ದಿನಗಳಲ್ಲಿ ಮಕ್ಕಳನ್ನು ಹೊತ್ತೊಯ್ಯುವವರು ಬಂದಿದ್ದಾರೆ ಎಂದು ಊರೂರಲ್ಲಿ ಸುದ್ದಿ ಹಬ್ಬಿತ್ತು. ಬಜಾರದ ಕೊನೆಯಲ್ಲಿ ಬೇವಿನ ಮರದ ಕೆಳಗೆ ಒಬ್ಬ ಮುಸಲ್ಮಾನ ಮುದುಕಿ ಬಳೆಗಳನ್ನು ಹರವಿಕೊಂಡು ಕೂತಿದ್ದಳು. ಅವಳ ತೊಡೆಯ ಮೇಲೆ ನನ್ನ ತಮ್ಮ ಬತ್ತಾಸ ಚೀಪುತ್ತ ಕೂತಿದ್ದ. "ನಕ್ಕೋ ರೋ ಬೇಟಾ, ನಕ್ಕೋ," ಎಂದು ಅವಳು ಅವನ ಬೆನ್ನು ಸವರುತ್ತಿದ್ದಳು.

ವೈನಿ ಓಡಿ ಹೋಗಿ ಕೈ ಚಾಚಿದಳು. ಬಳೆಗಾರ್ತಿ ಹುಡುಗನನ್ನು ತನ್ನ ಕಡೆ ಎಳೆದುಕೊಂಡಳು.

"ಠೈರೋ ಮಾ. ಕೈ ಚಾಚಿದವ್ರಿಗೆಲ್ಲಾ ಕೊಡಾಕ ಇದೇನು ಬತ್ತಾಸ ಅಲ್ಲ. ಬೇಟಾ, ಇವ್ರು ಯಾರು?"

"ವೈನಿ," ಎಂದ ತಮ್ಮ.

"ನಿಮ್ಮ ಅವ್ವ ಎಲ್ಲಿ?"

"ಅವ್ವ ಮನ್ಯಾಗ ಅದಾಳ."

"ಮನಿ ಎಲ್ಲಿ?"

"ಕಲ್ಯಾಣದಾಗ."

ಅಷ್ಟರಲ್ಲಿ ನಾಲ್ಕಾರು ಮಂದಿ ಸೇರಿದ್ದರು. ಸಂತೆಯ ದಿನ, ವೈನಿಯ ಗುರುತಿನವರು ಅವರಲ್ಲಿ ಯಾರೂ ಇರಲಿಲ್ಲ. ವೈನಿ ತಲೆ ಬಗ್ಗಿಸಿ, ಕೇಳಿಯೂ ಕೇಳಿಸದಂತೆ, "ನಂದೇ ಅದರಿ ಕೂಸು," ಎಂದಳು. ಒಬ್ಬ ರುಮಾಲಿನವನು, "ನಿಂದಾದ್ರ ವೈನಿ ಯಾಕಂತದ? ಹಡದಾಕಿಗೆ ಯಾವ ಮಗ ವೈನಿ ಅಂತಾನ?" ಎಂದ.

ನಾನು ಮುಂದೆ ಬಂದೆ. "ನಮ್ಮ ಮನ್ಯಾಗ ಹಂಗ ಅಂತೀವ್ರಿ."

"ನೀ ಯಾರಬೇ?"

"ಇವನ ಅಕ್ಕ."

"ಈಕಿ ನಿನಗೇನಾಗಬೇಕು?"

"ವೈನಿ," ಎಂದೆ. ಬೇರೆ ಏನು ಹೇಳಬೇಕು? ಮಂದಿ ನಕ್ಕರು. ಅವರು ಯಾಕೆ ನಕ್ಕರೆಂದು ನನಗೆ ಆಗ ತಿಳಿಯಿತು. ನಾವು ಹೇಳುತ್ತಿದ್ದದ್ದೆಲ್ಲ ಖರೆ. ಹೇಳಿದಷ್ಟೂ ನಮ್ಮ ತಮ್ಮ ನಮ್ಮಿಂದ ದೂರ ಹೋಗುತ್ತಿದ್ದ.

ಅಷ್ಟರಲ್ಲಿ ತಂದೆ ಬಂದರು. ಬಳೆಗಾರ್ತಿ ಮತ್ತೆ ತಮ್ಮನನ್ನು ಕೇಳಿದಳು. ಅವನು, "ಅಣ್ಣ," ಎಂದ.

"ಹಾಂ. ಅಣ್ಣ, ವೈನಿ," ಎಂದು ಅವಳು ಇಬ್ಬರನ್ನೂ ಮೇಲಿಂದ ಕೆಳಗೆ ನೋಡಿದಳು. "ಈಗ ಬರೋಬ್ಬರಿ ಆತು. ಅಣ್ಣ ವೈನಿ ಕೂಡಿ ಸಣ್ಣ ತಮ್ಮನ್ನ ಬಜಾರದಾಗ ಬಿಟ್ಟು ಹೋಗಾಕ ಬಂದೀರಿ. ಪಾಲು ಉಳೀತದಲ್ಲ! ಇಂಥವು ನಾ ಭಾಳ ಕಂಡೀನಿ. ಈಗ ಮಂದಿ ಕೂಡ್ತು ಅಂತ ಅಳಾಕತ್ತೀರಿ."

ಹಗೇವಿನ ಕತೆ, ಅಡವಿಯ ಕತೆ ಎಲ್ಲ ಒಮ್ಮೆಲೇ ನನ್ನ ಮೈಮೇಲೆ ಬಂದಂತಾಯಿತು. ಹುರಿಗಡಲೆ ತಿನ್ನುತ್ತ ಕೇಳಿದ ಆ ಕೆಟ್ಟ ತಂದೆ, ಆ ಕೆಟ್ಟ ತಾಯಿ ಈಗ ನಮ್ಮವರೇ ಆಗಿ ಬಜಾರದ ನಡುವೆ ನಿಂತಿದ್ದರು. ನಾನು ತಂದೆಯ ಮುಖ ನೋಡಿದೆ. ಒಂದು ಮಾತು ಸಾಕು, ನನ್ನ ಮಗ ಎನ್ನಬೇಕು. ಅವರ ತುಟಿ ತೆರೆಯಿತು. ಅದೇ ಹೊತ್ತಿಗೆ ಮಂದಿಯ ಆಚೆ ಅಜ್ಜನ ಬಿಳಿ ರುಮಾಲು ಕಾಣಿಸಿತು. ತೆರೆದ ತುಟಿ ಹಾಗೆಯೇ ಮುಚ್ಚಿಕೊಂಡಿತು. ಮಗನನ್ನು ಕಳೆದುಕೊಳ್ಳುವ ಹೊತ್ತಿನಲ್ಲೂ ತಂದೆಯ ಎದುರಿಗೆ ಅವರಿಗೆ ಆ ಮಾತು ಬರಲಿಲ್ಲ.

ತಮ್ಮ ಮಾತ್ರ ಅಜ್ಜನನ್ನು ಕಂಡವನೇ ಕೈ ಎತ್ತಿ, "ಅಪ್ಪಾ!" ಎಂದು ಕೂಗಿದ.

ಮಂದಿಯೆಲ್ಲ ಅಜ್ಜನ ಕಡೆ ತಿರುಗಿದರು. ಬಿಳಿಯ ಮೀಸೆ, ಕೈಯಲ್ಲಿ ಕೋಲು. ಹಿಂದಿನಿಂದ ಯಾರೋ, "ಶಾಬಾಸ್ ಮುತ್ಯಾ! ಈ ವಯಸ್ಸಿನ್ಯಾಗ!" ಎಂದ. ಬಜಾರಕ್ಕೆ ಬಜಾರವೇ ನಕ್ಕಿತು. ಅಜ್ಜನ ಕಿವಿ ಕೆಂಪಾದವು. ಆದರೆ ಬಳೆಗಾರ್ತಿ ನಗಲಿಲ್ಲ. ಮರ್ಯಾದೆಯಿಂದ ಎದ್ದು ನಿಂತು ಕೇಳಿದಳು:

"ಹುಡುಗ ನಿಮ್ಮಂವ ಏನ್ರಿ?"

"ನಮ್ಮಂವ."

"ಮತ್ತ ಇವನ ಅವ್ವ ಎಲ್ಲಿ?"

ಅಜ್ಜ ಸುಳ್ಳು ಹೇಳುವವರಲ್ಲ. ಆಗಲೂ ಹೇಳಲಿಲ್ಲ. ಸಿಟ್ಟಿನಲ್ಲಿ, ಜಲ್ದಿ ಮುಗಿಯಲಿ ಎಂಬ ಅವಸರದಲ್ಲಿ, ಮನೆಯಲ್ಲಿ ದಿನವೂ ಆಡುವ ಮಾತನ್ನೇ ಆಡಿದರು.

"ಅವ್ವ? ಅವ್ವ ಮನ್ಯಾಗ ಅದಾಳ."

ನಾನು ವೈನಿಯ ಮಗ್ಗುಲಲ್ಲೇ ನಿಂತಿದ್ದೆ. ಅವಳು ನನ್ನ ಕಿವಿಯ ಕಡೆ ಬಾಗುತ್ತಾಳೆ, ನಾನು ಅದನ್ನು ಅಜ್ಜನಿಗೆ ಹೇಳಬೇಕಾಗುತ್ತದೆ ಎಂದುಕೊಂಡೆ. ಅವಳು ಬಾಗಲಿಲ್ಲ. ಸೆರಗು ತಲೆಯಿಂದ ಜಾರಿತ್ತು. ಅದನ್ನು ಎಳೆದುಕೊಳ್ಳಲೂ ಇಲ್ಲ.

"ಮನ್ಯಾಗಿಲ್ರಿ ಮಾವಾರ," ಎಂದಳು. ದನಿ ಬಜಾರದ ಆ ತುದಿಗೂ ಕೇಳುವಂತಿತ್ತು. "ಇಲ್ಲೇ ನಿಂತೀನಿ. ಇವಗ ನಾ ಹಡದೀನಿ. ಇವನ ಅವ್ವ ನಾನು."

ನಗುತ್ತಿದ್ದವರ ಬಾಯಿ ತೆರೆದಂತೆಯೇ ಉಳಿದವು. ಅಜ್ಜನ ಕೋಲು ನೆಲಕ್ಕೆ ಊರಿದ್ದು ಹಾಗೆಯೇ. ಸೊಸೆಯ ದನಿ ಹೇಗಿರುತ್ತದೆಂದು ಅವರಿಗೆ ಅಂದೇ ಮೊದಲು ತಿಳಿದದ್ದು. ನನಗೂ ಅದು ನಮ್ಮ ವೈನಿಯ ದನಿ ಅನಿಸಲಿಲ್ಲ. ಪತ್ರಿಕೆಯ ಪುಟದೊಳಗಿಂದ ಯಾರೋ ಎದ್ದು ಬಂದು ಮಾತಾಡಿದಂತಿತ್ತು. ತಮ್ಮ ಬತ್ತಾಸ ಬಾಯಲ್ಲಿಟ್ಟುಕೊಂಡು, 'ಅವ್ವ' ಎಂದು ಹೇಳಿಕೊಳ್ಳಲು ಇವಳು ಯಾರು ಎಂಬಂತೆ ಬಿಟ್ಟ ಕಣ್ಣು ಮುಚ್ಚದೆ ನೋಡುತ್ತಿದ್ದ. ನನಗೆ ಅದೇ ಎಲ್ಲಕ್ಕಿಂತ ಹೆಚ್ಚು ಹೆದರಿಕೆ ತಂದದ್ದು.

ಬಳೆಗಾರ್ತಿ ಹುಡುಗನನ್ನು ಎತ್ತಿ ವೈನಿಯ ಸೊಂಟಕ್ಕೆ ಕೂರಿಸಿದಳು. "ತಗೋ ಮಾ. ಇದನ್ನ ಮೊದಲ ಹೇಳಬಾರದೇನು?"

"ಹೇಳಿದ್ನಲ್ರಿ."

"ಅದು ಹೇಳಿದ್ದಲ್ಲ. ಇದು ಹೇಳಿದ್ದು."

ಬಸ್ತ ಹೇಗೋ ಮುಗಿಯಿತು. ವೈನಿಯ ತವರಿನಲ್ಲಿ ಉಳಿದು ಮಾರನೆಯ ಬೆಳಿಗ್ಗೆ ಬಂಡಿ ಕಟ್ಟಿದೆವು. ಅಜ್ಜ ಮುಂದೆ, ನಮಗೆ ಬೆನ್ನು ಮಾಡಿ. ತಮ್ಮ ವೈನಿಯ ತೋಳಿನಲ್ಲೇ ನಿದ್ದೆ ಹೋದ. ನಾನು ತೊಡೆ ಒಡ್ಡಿದರೆ ಅವಳು ಕೊಡಲಿಲ್ಲ. ಮನೆ ಮುಟ್ಟಿದ ಮೇಲೆ ಏನಾಗುತ್ತದೋ ಎಂದು ನನಗೆ ಭಯ. ಮಾವನಿಗೆ ಎದುರು ಮಾತಾಡಿದ ಸೊಸೆಯನ್ನು ತವರಿಗೆ ಅಟ್ಟಿದ ಮನೆಗಳು ನಮ್ಮ ಓಣಿಯಲ್ಲೇ ಇದ್ದವು. ಒಂದು ಹಳ್ಳ ದಾಟಿದ ಮೇಲೆ ಅಜ್ಜ ಶಲ್ಯ ಬಿಡಿಸಿದರು.

"ಬಿಸಲು ಭಾಳ ಅದ. ನಾ ಸ್ವಲ್ಪ ಮಾರಿ ಮುಚ್ಕೋತೀನಿ."

ಮೋಡ ಕವಿದ ದಿನ ಅದು. ಅವರು ಶಲ್ಯವನ್ನು ತಲೆ, ಕಣ್ಣು, ಮುಖ ಎಲ್ಲಕ್ಕೂ ಸುತ್ತಿಕೊಂಡರು. ಆಮೇಲೆ ಅದರೊಳಗಿಂದ, ಯಾರಿಗೂ ಹೇಳದವರಂತೆ ಹೇಳಿದರು: "ಆ ಹುಡುಗಿ ಕೈ ಸೋತಿರಬೇಕು. ಯಾರರೆ ಕೂಸಿನ್ನ ತಗೋಬಾರದೇನು?"

ಬಂಡಿಯಲ್ಲಿ ಯಾರರೆ ಎನ್ನಲು ಇದ್ದದ್ದು ನಾನು, ತಂದೆ. ನನ್ನ ತೊಡೆ ಆಗಲೇ ಬೇಡವಾಗಿತ್ತು. ತಂದೆ ಬಹಳ ಹೊತ್ತು ಕೂತೇ ಇದ್ದರು. ಆಮೇಲೆ ಕೈ ಚಾಚಿದರು. ವೈನಿ ಕೊಟ್ಟಳು. ಅವರು ಮಗನನ್ನು ಎದೆಗೆ ಒರಗಿಸಿಕೊಂಡು, ಧೂಳು ತುಂಬಿದ ಅವನ ನೆತ್ತಿಗೆ ಮೂಗು ಒತ್ತಿ ಹಾಗೆಯೇ ಇದ್ದುಬಿಟ್ಟರು. ನಾನು ನೋಡಿದೆ. ಅಪ್ಪನ ಹಿಂದೆ. ಅಜ್ಜ ತಿದ್ದಿದ ಹಾಗೆಯೇ.

ಮನೆಗೆ ಬಂದು ಅಜ್ಜಿಗೆ ಎಲ್ಲ ಹೇಳಿದವಳು ನಾನೇ. ಬಳೆಗಾರ್ತಿಯ ದನಿ, ರುಮಾಲಿನವನ ದನಿ ಎಲ್ಲ ಮಾಡಿ ತೋರಿಸಿದೆ. "ಶಾಬಾಸ್ ಮುತ್ಯಾ" ಎನ್ನುವಲ್ಲಿ ಅಜ್ಜಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಆಮ್ಯಾಲ ಏನಂದ್ರು?" ಎಂದು ಕಣ್ಣೊರೆಸಿಕೊಳ್ಳುತ್ತ ಕೇಳಿದಳು.

"ಅವ್ವ ಮನ್ಯಾಗ ಅದಾಳ ಅಂದ್ರು."

ನಗು ನಿಂತಿತು. "ಆಕಿ ಮುಂದ?"

"ಹೂಂ."

"ಆಕಿ ಅಲ್ಲೇ ನಿಂತಿದ್ಳು?"

"ನನ್ನ ಮಗ್ಗಲದಾಗ."

ಸೊಸೆಗೆ ಈಗ ಬೈಗುಳ ಕಾದಿದೆ ಎಂದುಕೊಂಡು ನಾನು ಬಾಗಿಲಿಗೆ ಆತು ನಿಂತೆ. ಅಜ್ಜಿ ಮೊಣಕಾಲು ಹಿಡಿದುಕೊಂಡು ಎದ್ದು, ಅಡಿಗೆಮನೆಯ ಬಾಗಿಲಿಗೆ ಹೋಗಿ, ಒಳಗೆ ರೊಟ್ಟಿ ಬಡಿಯುತ್ತಿದ್ದ ವೈನಿಯನ್ನು ಒಂದಿಷ್ಟು ಹೊತ್ತು ನೋಡಿದಳು. "ಮೂರು ಹೊತ್ತು ಓ ಓ ಅಂತ ನಾನೇ ಅನ್ನಾಕತ್ತಿದ್ದೆ. ಹಡದ ಹೊಟ್ಟಿ ಯಾವ್ದು ಅಂತ ಮರತೇ ಹೋಗಿತ್ತಲ್ಲೇ," ಎಂದಳು. ಆಮೇಲೆ ಮನೆಯೆಲ್ಲ ಕೇಳುವಂತೆ: "ಇವತ್ತಿಂದ ಹುಡುಗೂರು ನನಗ ಆಯಿ ಅನಬೇಕು. ಅವ್ವ ಅಂದ್ರ ನಾ ಓ ಅನ್ನೂದಿಲ್ಲ."

ಆಯಿ ಎಂದರೆ ನಮ್ಮ ಕಡೆ ಅಜ್ಜಿ. ಹೇಳುವುದು ಸುಲಭ. ನಾಲಗೆ ತಿರುಗಬೇಕಲ್ಲ. ಅಜ್ಜಿಯೇ ಎಷ್ಟೋ ಸಲ ಮರೆತು ಓ ಎಂದು, ಬಾಯಿಗೆ ಕೈ ಇಟ್ಟುಕೊಂಡಳು. ತಮ್ಮನಿಗೆ ಬತ್ತಾಸದ ಆಸೆ ತೋರಿಸಿ ಕಲಿಸಿದಳು. ಒಂದು ಮಧ್ಯಾಹ್ನ ಅವನು ಹೊರಗಿನಿಂದ ಓಡಿ ಬಂದವನೇ, ಅಡಿಗೆಮನೆಯ ಹೊಸ್ತಿಲ ಮೇಲೆ ನಿಂತು, "ಅವ್ವಾ, ರೊಟ್ಟಿ!" ಎಂದ. ಒಲೆಯ ಮುಂದಿದ್ದ ವೈನಿ ತಿರುಗಲೂ ಇಲ್ಲ. ರೊಟ್ಟಿ ಮಗುಚುತ್ತ, "ಅತ್ತೀ, ನಿಮಗ ಕರಿಯಾಕತ್ತಾನ ನೋಡ್ರಿ," ಎಂದಳು.

"ನಾ ಆಯಿ," ಎಂದಳು ಪಡಸಾಲೆಯಿಂದ ಅಜ್ಜಿ. "ಅಲ್ಲಿ ಅವ್ವ ಯಾರದಾರೋ ನೀನೇ ನೋಡ್ಕೋ."

ವೈನಿಯ ಕೈ ಹೆಂಚಿನ ಮೇಲೆಯೇ ನಿಂತಿತು. ತಮ್ಮ ಹಸಿವೆಗೆ ಕಾಲು ಬಡಿದು, "ಅವ್ವಾ!" ಎಂದು ಇನ್ನೊಮ್ಮೆ ಕೂಗಿದ. ರೊಟ್ಟಿ ಹೊತ್ತಿ ಮನೆಯೆಲ್ಲ ಹೊಗೆಯಾಯಿತು. ಅದನ್ನೇ ಅವನು ತಿಂದ.

ನನ್ನ ನಾಲಗೆ ಮಾತ್ರ ಕೊನೆಯವರೆಗೂ ತಿರುಗಲಿಲ್ಲ. ಹತ್ತು ವರ್ಷ ವೈನಿ ಎಂದ ಬಾಯಿ, ಎಷ್ಟು ಸಲ ಪ್ರಯತ್ನಿಸಿದರೂ ಅವಳ ಮುಖ ಕಂಡ ಕೂಡಲೇ ಬಿಗಿದುಕೊಳ್ಳುತ್ತಿತ್ತು. ಮದುವೆಯಾಗಿ ಗಂಡನ ಮನೆಗೆ ಹೋಗುವಾಗಲೂ ಅಪ್ಪಿಕೊಂಡು ಅತ್ತದ್ದು "ವೈನೀ" ಎಂದೇ. ತವರಿಗೆ ಬಂದಾಗಲೆಲ್ಲ ಅವಳು ಕೇಳುತ್ತಿದ್ದದ್ದು ಒಂದೇ: "ಹೊಸಾ ಕತಿ ಏನರೆ ತಂದೀ?" ಮಧ್ಯಾಹ್ನ ಪಡಸಾಲೆಯಲ್ಲಿ, ಈಗ ಕಂಬದ ಈಚೆ, ಅವಳು ಮೊರ ಹಿಡಿದು ಕೂಡುತ್ತಿದ್ದಳು. ನಾನು ಓದುತ್ತಿದ್ದೆ. ಕತೆಯಲ್ಲಿ ಯಾವುದಾದರೂ ಮಗುವಿಗೆ ತಾಯಿಯನ್ನು ಕರೆಯುವ ಹೊತ್ತು ಬಂದರೆ, ಅಲ್ಲಿ ನನ್ನ ದನಿ ತಾನಾಗಿಯೇ ಏರುತ್ತಿತ್ತು. ಅಚ್ಚಿನಲ್ಲಿ ಒಮ್ಮೆ ಇದ್ದರೂ ನಾನು ಎರಡು ಸಲ ಓದುತ್ತಿದ್ದೆ.

"ಅವ್ವಾ... ಅವ್ವಾ."

ಅವಳು ಜೋಳದಿಂದ ಕಣ್ಣೆತ್ತದೆ, "ಓ," ಎನ್ನುತ್ತಿದ್ದಳು.